ವೆನಿಸ್‌ನಲ್ಲಿ ಮೂರು ರಾತ್ರಿ, ದ್ರಾಕ್ಷಿ ಗುಡ್ಡದಲ್ಲಿ ಎರಡು: ಇಬ್ಬರೇ ಹೋಗುವವರಿಗೆ

ನಮ್ಮ ಮದುವೆಗೆ 2025ರಲ್ಲಿ 25 ವರ್ಷ ತುಂಬಿತು. ಮಗಳು ಫೋನಿನಲ್ಲಿ ಒಂದು ಟೂರ್ ತೋರಿಸಿದಳು. ಹತ್ತು ದಿನ, ಏಳು ದೇಶ. ನಮ್ಮ ಬೀದಿಯವರೊಬ್ಬರು ಅಂಥದ್ದೇ ಟೂರಿಗೆ ಹೋಗಿ ಬಂದಿದ್ದರು. ವೆನಿಸ್ ಹೇಗಿತ್ತು ಅಂತ ಕೇಳಿದೆ. "ಬಿಸಿಲು, ಜನ. ಫೋಟೋ ತೆಗೆಸ್ಕೊಂಡು ಬಸ್ ಹತ್ತಿದ್ವಿ" ಅಂದರು. ಬಸ್ ಹತ್ತೋಕೆ ಹನುಮಂತನಗರದಿಂದ ಇಟಲಿಗೆ ಹೋಗಬೇಕಾ?

ಅದಕ್ಕೇ ನಾವಿಬ್ಬರೇ ಹೋದೆವು. ಐದು ರಾತ್ರಿ, ಎರಡೇ ಊರು. ವೆನಿಸ್‌ನಲ್ಲಿ ಮೂರು, ಅಲ್ಲಿಂದ ರೈಲಿನಲ್ಲಿ ಒಂದು ಗಂಟೆ ದೂರದ ಕೊನೆಲ್ಯಾನೊದಲ್ಲಿ ಎರಡು. ಅದು ಪ್ರೊಸೆಕ್ಕೊ ಅನ್ನುವ ನೊರೆ ವೈನಿನ ಸೀಮೆ. ನಾನು ಅದುವರೆಗೆ ವೈನ್ ಮುಟ್ಟಿದವಳಲ್ಲ. ಇವರು ವರ್ಷಕ್ಕೆ ಒಂದೆರಡು ಸಲ, ಅದೂ ಅತ್ತೆ ಊರಲ್ಲಿಲ್ಲದಾಗ. ಆದರೆ ಇವರ ಮನೆತನ ದ್ರಾಕ್ಷಿಯದ್ದು. ದೇವನಹಳ್ಳಿ ಕಡೆ ಮಾವನವರಿಗೆ ಮೂರು ಎಕರೆ ಬೆಂಗಳೂರು ಬ್ಲೂ ತೋಟ ಇತ್ತು. ಈಗ ಅಲ್ಲಿ ಲೇಔಟ್ ಆಗಿದೆ. ನನಗೆ ನೀರಿನ ಊರು ನೋಡಬೇಕಿತ್ತು, ಇವರಿಗೆ ಬಳ್ಳಿ ನೋಡಬೇಕಿತ್ತು. ಜಗಳವಿಲ್ಲದೆ ಎರಡೂ ಆದದ್ದು ಹೇಗೆ ಅಂತ ಬರೆದಿದ್ದೇನೆ. ಯೂರೋಗೆ ನೂರು ರೂಪಾಯಿ ಚಿಲ್ಲರೆ ಅಂತ ಲೆಕ್ಕ ಹಿಡಿದುಕೊಂಡು ಓದಿ. ದರಗಳು ನಾವು ಹೋದ ವರ್ಷದವು.

ಯಾವಾಗ ಹೊರಡಬೇಕು

ಗಣೇಶ ಕಳೆದು ದಸರೆಗೆ ಮುಂಚೆ. ಪ್ರೊಸೆಕ್ಕೊ ಗುಡ್ಡಗಳಲ್ಲಿ ದ್ರಾಕ್ಷಿ ಕೊಯ್ಲು ಸೆಪ್ಟೆಂಬರಿನಲ್ಲಿ. ಜುಲೈ, ಆಗಸ್ಟಿನಲ್ಲಿ ವೆನಿಸ್ ಬಿಸಿಲು, ಸೊಳ್ಳೆ, ನೂಕುನುಗ್ಗಲು. ನವೆಂಬರ್ ಆಚೀಚೆ ಸಮುದ್ರ ಉಬ್ಬಿ ಊರೊಳಗೆ ನೀರು ಬರುವ ಕಾಲ. 2019ರ ನವೆಂಬರಿನಲ್ಲಿ ನೀರು 187 ಸೆಂಟಿಮೀಟರ್ ಮಟ್ಟಕ್ಕೆ ಏರಿತ್ತು. 2020ರ ಅಕ್ಟೋಬರಿನಿಂದ ಕಡಲಿನ ಬಾಯಲ್ಲಿ ಮೋಸೆ ಅನ್ನುವ ದೊಡ್ಡ ಗೇಟುಗಳನ್ನು ಎತ್ತಿ ತಡೆಯುತ್ತಿದ್ದಾರೆ. ಆದರೂ ಗಂಬೂಟು ಹಾಕಿಕೊಂಡು ಓಡಾಡುವ ಆಸೆ ನನಗಿರಲಿಲ್ಲ. ಮಳೆ ಬಂದರೆ ನಮ್ಮ ಅಂಡರ್‌ಪಾಸುಗಳೇ ಇವೆ.

ಒಂದೇ ತೊಡಕು, ಆಗ ಪಿತೃಪಕ್ಷ. "ಪಕ್ಷದಲ್ಲಿ ಯಾರಾದ್ರೂ ಹೊರಡ್ತಾರೇನೋ?" ಅಂತ ಅತ್ತೆ. ಮಾವನವರ ಕಾರ್ಯ ಮುಗಿಸಿ, ಮಾರನೇ ದಿನ ಹೊರಟೆವು. ಅದಕ್ಕೆ ಅವರು ಏನೂ ಅನ್ನಲಿಲ್ಲ.

ವೆನಿಸ್‌ಗೆ ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆ ಕೆಲವು ದಿನ ಪ್ರವೇಶ ಶುಲ್ಕ ಇದೆ. 2025ರಲ್ಲಿ ಏಪ್ರಿಲ್‌ನಿಂದ ಜುಲೈವರೆಗೆ ಆರಿಸಿದ 54 ದಿನ ಇತ್ತು. ಮೊದಲೇ ಕಟ್ಟಿದರೆ 5 ಯೂರೋ, ಕೊನೇ ಗಳಿಗೆಯಲ್ಲಿ 10. ಊರಲ್ಲೇ ರಾತ್ರಿ ಉಳಿಯುವವರಿಗೆ ಇಲ್ಲ. ಆದರೆ ಅವರೂ ವೆಬ್‌ಸೈಟಿನಲ್ಲಿ ಹೆಸರು ಬರೆಸಿ ಕ್ಯೂಆರ್ ಕೋಡ್ ಇಟ್ಟುಕೊಳ್ಳಬೇಕು. ನಿಮ್ಮ ತಾರೀಕು ಆ ಪಟ್ಟಿಯಲ್ಲಿದೆಯಾ ನೋಡಿಕೊಳ್ಳಿ.

ಕಾಗದ ಪತ್ರ

ನಾನು ಬ್ಯಾಂಕಿನಲ್ಲಿ 28 ವರ್ಷ ಇದ್ದವಳು. ಫೈಲ್ ಜೋಡಿಸೋದು ಅಂದ್ರೆ ನನಗೆ ಹಬ್ಬ. ಬೇಕಾದ್ದು ಷೆಂಗೆನ್ ವೀಸಾ, ಯುರೋಪಿನ ಹಲವು ದೇಶಗಳಿಗೆ ಅದೊಂದೇ ನಡೆಯುತ್ತೆ. ಜಾಸ್ತಿ ರಾತ್ರಿ ಯಾವ ದೇಶದಲ್ಲೋ ಆ ದೇಶಕ್ಕೇ ಅರ್ಜಿ. ಇಟಲಿಗೆ ಬೆಂಗಳೂರಿನಲ್ಲೇ, ವೀಸಾ ಅರ್ಜಿ ತಗೊಳ್ಳುವ ವಿಎಫ್‌ಎಸ್ ಕಂಪನಿ ಮೂಲಕ ಕೊಡಬಹುದು. ಶುಲ್ಕ 90 ಯೂರೋ, ಮೇಲೆ ಸೇವಾ ಶುಲ್ಕ. ಪ್ರಯಾಣಕ್ಕೆ ಆರು ತಿಂಗಳು ಇದ್ದಾಗಿನಿಂದ ಕೊಡಬಹುದು. ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ, ಆದ್ದರಿಂದ ಮೂರು ತಿಂಗಳು ಮೊದಲೇ ಶುರು ಮಾಡಿ. ಟ್ರಾವೆಲ್ ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದು ಇರಬೇಕು. ವಾಪಸ್ ಬಂದ ಮೇಲೂ ಪಾಸ್‌ಪೋರ್ಟಿಗೆ ಮೂರು ತಿಂಗಳು ಆಯಸ್ಸು ಇರಬೇಕು.

ಇಷ್ಟೆಲ್ಲ ಗೊತ್ತಿದ್ದೂ ನಾನೇ ಎಡವಿದೆ. ಹೋಟೆಲ್ ಬುಕಿಂಗ್ ಇವರ ಹೆಸರಿನಲ್ಲಿ ಮಾತ್ರ ಇತ್ತು. "ಮೇಡಂ, ನೀವೆಲ್ಲಿ ಮಲಗ್ತೀರಾ?" ಅಂತ ಕೌಂಟರಿನ ಹುಡುಗ ಕೇಳಿದಾಗ ನಗೋದೋ ಅಳೋದೋ ಗೊತ್ತಾಗಲಿಲ್ಲ. ಇಬ್ಬರ ಹೆಸರೂ ಬುಕಿಂಗಿನಲ್ಲಿ ಬರಲಿ. ಇನ್ನೊಂದು, ನಮ್ಮ ಕಡೆಯವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಎಷ್ಟೋ ಸಲ ಖಾಲಿ ಇರುತ್ತದೆ. ಟಿಕೆಟ್ ಮಾಡುವ ಮೊದಲು ಏರ್‌ಲೈನಿನವರನ್ನು ಹೆಸರು ಹೇಗೆ ಹಾಕಬೇಕು ಅಂತ ಕೇಳಿಬಿಡಿ.

ಬೆಂಗಳೂರಿನಿಂದ ವೆನಿಸ್‌ಗೆ ನೇರ ವಿಮಾನ ಇಲ್ಲ. ನಾವು ದುಬೈ ಮೇಲೆ ಹೋದೆವು. ಫ್ರಾಂಕ್‌ಫರ್ಟ್, ಪ್ಯಾರಿಸ್ ಮೇಲೂ ಹೋಗಬಹುದು. ಆಗ ಇಮಿಗ್ರೇಷನ್ ಅಲ್ಲೇ ಮುಗಿಸಬೇಕು, ಕ್ಯೂ ಉದ್ದ ಇರುತ್ತೆ. ಮುಂದಿನ ವಿಮಾನಕ್ಕೆ ಕನಿಷ್ಠ ಎರಡೂವರೆ ಗಂಟೆ ಇಟ್ಟುಕೊಳ್ಳಿ.

ಚಟ್ನಿಪುಡಿ, ಅವಲಕ್ಕಿ ಒಯ್ಯಬಹುದು. ತುಪ್ಪ, ಪೇಡ ಬೇಡ. ಹೊರಗಿನ ಹಾಲಿನ ಪದಾರ್ಥಗಳನ್ನು ಅಲ್ಲಿ ಒಳಗೆ ಬಿಡುವುದಿಲ್ಲ.

ಸೇತುವೆ ಎಷ್ಟು ಅಂತ ಕೇಳಿ

ಹೋಟೆಲ್ ಬುಕ್ ಮಾಡುವಾಗ ಎಲ್ಲರೂ ಎಸಿ ಇದೆಯಾ, ತಿಂಡಿ ಇದೆಯಾ ಅಂತ ನೋಡ್ತಾರೆ. ವೆನಿಸ್‌ನಲ್ಲಿ ಮೊದಲು ಕೇಳಬೇಕಾದ್ದು, ದೋಣಿ ನಿಲ್ದಾಣದಿಂದ ನಿಮ್ಮ ಬಾಗಿಲಿಗೆ ಎಷ್ಟು ಸೇತುವೆ ದಾಟಬೇಕು?

ನಾವು ಕೇಳಿರಲಿಲ್ಲ. ವಿಮಾನ ನಿಲ್ದಾಣದಿಂದ ಬಸ್ಸು ಪಿಯಾಟ್ಸಾಲೆ ರೋಮಾ ತನಕ ತಂದು ಬಿಟ್ಟಿತು. ತಲೆಗೆ 10 ಯೂರೋ, ಅರ್ಧ ಗಂಟೆಯೊಳಗೆ. ಅಲ್ಲಿಗೆ ರಸ್ತೆ ಮುಗೀತು. ಮುಂದೆ ಕಾರಿಲ್ಲ, ಆಟೋ ಇಲ್ಲ, ಸೈಕಲ್ಲೂ ಇಲ್ಲ. ನಮ್ಮ ಹತ್ತಿರ 28 ಇಂಚಿನ ಎರಡು ಸೂಟ್‌ಕೇಸು. ದೋಣಿ ಇಳಿದ ಮೇಲೆ ನಾಲ್ಕು ಸೇತುವೆ. ಒಂದೊಂದೂ ಮೆಟ್ಟಿಲು ಹತ್ತಿ ಇಳಿಯುವಂಥದ್ದು. ಮೂರನೇ ಸೇತುವೆ ಮೇಲೆ ಇವರು ಸೂಟ್‌ಕೇಸಿನ ಮೇಲೆ ಕೂತುಬಿಟ್ಟರು. "ಏನೇ, ಅಷ್ಟು ಸೀರೆ ಯಾರಿಗೆ ತೋರಿಸೋಕೆ?" ಅಂದರು. "ರೀ, ಏಳಿ, ಜನ ನೋಡ್ತಾರೆ" ಅಂದೆ. ಉತ್ತರ ಇರಲಿಲ್ಲ ನನ್ನ ಹತ್ತಿರ.

ಒಬ್ಬರಿಗೆ ಒಂದು ಕ್ಯಾಬಿನ್ ಬ್ಯಾಗ್, ಒಂದು ಬೆನ್ನಿನ ಚೀಲ ಸಾಕು. ಸೀರೆ ಒಂದು ಇರಲಿ. ಚರ್ಚುಗಳಲ್ಲಿ ಭುಜ, ಮಂಡಿ ಮುಚ್ಚಿರಬೇಕು, ಆ ಚಿಂತೆ ಸೀರೆಯವರಿಗೆ ಇಲ್ಲ.

ವಿಳಾಸದ ವಿಷಯವೂ ಹಾಗೇ. ಊರಿಗೆ ಆರು ಭಾಗ, ಸೆಸ್ತಿಯೇರೆ ಅಂತಾರೆ. ಮನೆ ನಂಬರು ಬೀದಿಗೆ ಅಲ್ಲ, ಇಡೀ ಭಾಗಕ್ಕೆ. ಆದ್ದರಿಂದ ನಾಲ್ಕು ಅಂಕಿಯ ನಂಬರು ಇರುತ್ತೆ, ಪಕ್ಕದ ನಂಬರು ಪಕ್ಕದ ಬೀದಿಯಲ್ಲಿರಬಹುದು. ಬೀದಿ ಹೆಸರುಗಳೂ ಮತ್ತೆ ಮತ್ತೆ ಬರುತ್ತವೆ. ಜಯನಗರದ ಮೇನು, ಕ್ರಾಸು ಹುಡುಕಿ ಪಳಗಿದ ನಾವೇ ಸೋತೆವು. ಹೋಟೆಲಿನವರಿಂದ ಮ್ಯಾಪಿನ ಪಿನ್ ತರಿಸಿಕೊಳ್ಳಿ. ಕಾಲ್ಲೆ ಅಂದ್ರೆ ಗಲ್ಲಿ, ಕಾಂಪೊ ಅಂದ್ರೆ ಚೌಕ, ರಿಯೊ ಅಂದ್ರೆ ಸಣ್ಣ ಕಾಲುವೆ. ಇಷ್ಟು ಪದ ಸಾಕು.

ದುಡ್ಡು ಉಳಿಸೋಕೆ ನೀರಿನಾಚೆ ನೆಲದ ಮೇಲಿರುವ ಮೆಸ್ತ್ರೆಯಲ್ಲಿ ರೂಮ್ ಮಾಡಿ ಅಂತ ಜನ ಹೇಳ್ತಾರೆ. ರೈಲಿನಲ್ಲಿ ಹತ್ತೇ ನಿಮಿಷ, ನಿಜ. ನಾನು ಒಪ್ಪಲ್ಲ. ಬೇಕಾದರೆ ಒಂದು ರಾತ್ರಿ ಕಡಿಮೆ ಮಾಡಿ, ನೀರಿನ ಮೇಲೇ ಮಲಗಿ. ರಾತ್ರಿ ಹತ್ತರ ಮೇಲೆ ಟೂರಿನವರೆಲ್ಲ ಹೋಗಿರುತ್ತಾರೆ. ಗೋಡೆಗೆ ನೀರು ತಾಗುವ ಸದ್ದು, ಯಾರದೋ ಅಡುಗೆಮನೆಯ ಪಾತ್ರೆ ಸದ್ದು, ಅಷ್ಟೇ. ಹಾರ್ನ್ ಇಲ್ಲದ ರಾತ್ರಿ ನಾನು ಕೊನೇ ಸಲ ಕೇಳಿದ್ದು ಕೊರೊನಾ ಲಾಕ್‌ಡೌನಿನಲ್ಲಿ.

ಓಡಾಟ

ನೀರಿನ ಬಸ್ಸಿಗೆ ವಪೊರೆತ್ತೊ ಅಂತ ಹೆಸರು. ಒಂದು ಟಿಕೆಟ್ 9.50 ಯೂರೋ, 75 ನಿಮಿಷ ನಡೆಯುತ್ತದೆ. ಒಂದು ದಿನದ ಪಾಸ್ 25, ಎರಡು ದಿನಕ್ಕೆ 35, ಮೂರು ದಿನಕ್ಕೆ 45. ಮೊದಲ ಸಲ ಮಷೀನಿಗೆ ತೋರಿಸಿದಾಗಿನಿಂದ ಗಂಟೆ ಎಣಿಕೆ. ನಾವು ಎರಡು ದಿನದ್ದು ತಗೊಂಡೆವು, ಮೂರನೇ ದಿನ ನಡೆದೆವು.

ಊರ ನಡುವಿನ ದೊಡ್ಡ ಕಾಲುವೆ ಗ್ರ್ಯಾಂಡ್ ಕೆನಾಲ್ ನೋಡೋಕೆ ಗೊಂಡೋಲಾ ಅನ್ನುವ ಹುಟ್ಟು ಹಾಕುವ ದೋಣಿಯೇ ಬೇಕಿಲ್ಲ. 1ನೇ ನಂಬರ್ ದೋಣಿ ಹತ್ತಿ. ಎಲ್ಲ ಕಡೆ ನಿಲ್ಲಿಸಿಕೊಂಡು ಸುಮಾರು ಮುಕ್ಕಾಲು ಗಂಟೆಯಲ್ಲಿ ಊರಿನ ಮುಖ್ಯ ಚೌಕ ಸ್ಯಾನ್ ಮಾರ್ಕೊಗೆ ಹೋಗುತ್ತೆ. ಬೆಳಿಗ್ಗೆ ಏಳಕ್ಕೆ ಹೋದರೆ ಕೂರೋಕೆ ಜಾಗ ಸಿಗುತ್ತೆ. ಆ ಹೊತ್ತಲ್ಲಿ ತರಕಾರಿ ದೋಣಿ, ಕಸದ ದೋಣಿ, ಕೊರಿಯರ್ ದೋಣಿ ಎಲ್ಲ ಓಡಾಡುತ್ತಿರುತ್ತವೆ. ಬೆಂಗಳೂರಿನ ಕಸದ ಆಟೋ ನೋಡಿದವರಿಗೆ ಕಸದ ದೋಣಿ ನೋಡೋದೇ ಒಂದು ಮಜಾ. ಕಾಲುವೆ ಅಂದ್ರೆ ರಾಜಕಾಲುವೆ ನೆನಪಾಗಿ ನಾನು ಕರ್ಚೀಫು ರೆಡಿ ಇಟ್ಟುಕೊಂಡಿದ್ದೆ. ನೀರು ಇಳಿದಾಗ ಸ್ವಲ್ಪ ಪಾಚಿ ವಾಸನೆ, ಅಷ್ಟೇ.

ಕಾಲುವೆ ಸಮುದ್ರಕ್ಕೆ ಸೇರುವ ಬಾಯಲ್ಲಿ ಸಾಲೂತೆ ಅನ್ನುವ ದೊಡ್ಡ ಗುಮ್ಮಟದ ಚರ್ಚಿದೆ. 1630ರ ಪ್ಲೇಗು ತೊಲಗಲಿ ಅಂತ ಹರಕೆ ಹೊತ್ತು ಕಟ್ಟಿಸಿದ್ದು. ಕೆಸರಿಗೆ ಮರದ ಗೂಟ ಹೊಡೆದು, ಅದರ ಮೇಲೆ ಕಲ್ಲು. ಆ ಒಂದು ಚರ್ಚಿಗೇ ಹತ್ತು ಲಕ್ಷಕ್ಕೂ ಮೇಲೆ ಗೂಟ ಅಂತಾರೆ. ಕೆಸರಿನೊಳಗೆ ಗಾಳಿ ಆಡದ ಕಾರಣ ಮರ ಕೊಳೆಯದೆ ಉಳಿದಿದೆ. ನಮ್ಮ ಪಕ್ಕದ ಬಸವನಗುಡಿಯೂ 1898ರ ಪ್ಲೇಗಿನ ಮೇಲೆ ಎದ್ದ ಬಡಾವಣೆಯೇ ಅಲ್ವಾ? ಮೆಟ್ಟಿಲ ಮೇಲೆ ನಿಂತು ಪ್ಲೇಗಮ್ಮನ್ನ ನೆನೆಸಿಕೊಂಡೆ.

ಗೊಂಡೋಲಾಗೆ ನಿಗದಿ ದರ ಇದೆ. ಹಗಲು ಅರ್ಧ ಗಂಟೆಗೆ 90 ಯೂರೋ, ಸಂಜೆ ಏಳರ ಮೇಲೆ 110. ದರ ದೋಣಿಗೆ, ತಲೆಗಲ್ಲ. ಐದು ಜನ ಕೂರಬಹುದು. ಹತ್ತೋ ಮೊದಲು ಎಷ್ಟು ನಿಮಿಷ, ಎಷ್ಟು ದುಡ್ಡು ಎರಡನ್ನೂ ಬಾಯಿಬಿಟ್ಟು ಕೇಳಿ. ದೊಡ್ಡ ಕಾಲುವೆಯಲ್ಲಿ ಬೇಡ, ಅಲ್ಲಿ ಮೋಟರ್ ದೋಣಿಗಳ ಅಲೆ. ಒಳಗಿನ ಸಣ್ಣ ಕಾಲುವೆಯಿಂದ ಹೊರಡುವವರನ್ನು ಹುಡುಕಿ. ನಾವು ಹತ್ತಲಿಲ್ಲ. ಒಂಬತ್ತು ಸಾವಿರ ಅಂದ ಕೂಡಲೇ ಇವರ ಮುಖ ನೋಡಿದೆ, ಸುಮ್ನೆ ಆದೆ. ಬದಲಿಗೆ ರಿಯಾಲ್ಟೊ ಸಂತೆ ಹತ್ತಿರ ತ್ರಾಗೆತ್ತೊ ಹತ್ತಿದೆವು. ಅದೂ ಗೊಂಡೋಲಾ ಥರದ್ದೇ. ಈ ದಡದಿಂದ ಆ ದಡಕ್ಕೆ ಎರಡು ನಿಮಿಷ, ತಲೆಗೆ 2 ಯೂರೋ. ಹೋಗಿ, ವಾಪಸ್ ಬಂದು, ಮತ್ತೆ ಹೋದೆವು. ದೋಣಿಯವನು ನಕ್ಕ.

ಅದೇ ಸಂತೆಯಲ್ಲಿ ಇವರು ಒಂದು ದ್ರಾಕ್ಷಿ ಬುಟ್ಟಿ ಮುಂದೆ ನಿಂತುಬಿಟ್ಟರು. ಕಪ್ಪು ನೀಲಿ, ಮೇಲೆ ಬೂದಿ ಹಾಸಿದ ಹಾಗೆ. ಬಗ್ಗಿ ಮೂಸಿ, "ಇದು ನಮ್ಮದು ಕಣೇ" ಅಂದರು. ಅದರ ಹೆಸರು ಊವಾ ಫ್ರಾಗೊಲಾ. ಅಮೆರಿಕ ಮೂಲದ ಲ್ಯಾಬ್ರಸ್ಕ ಜಾತಿಯ ನಂಟು ಅದಕ್ಕೂ ಇದೆ, ಬೆಂಗಳೂರು ಬ್ಲೂಗೂ ಇದೆ. ಸಿಪ್ಪೆ ಜಾರಿ ಬರುತ್ತೆ, ಬೀಜ ಇರುತ್ತೆ, ಅದೇ ವಾಸನೆ. ಯುರೋಪಿನಲ್ಲಿ ಇದರ ವೈನ್ ಮಾಡಿ ಮಾರೋ ಹಾಗಿಲ್ಲವಂತೆ, ಹಣ್ಣು ಮಾರಬಹುದು. ಅರ್ಧ ಕೆ.ಜಿ. ತಗೊಂಡು ಕಾಲುವೆ ದಂಡೆಯಲ್ಲೇ ಕೂತು ತಿಂದೆವು. ದಂಡೆ ಅಂದ್ರೆ ಖಾಲಿ ಜಾಗದಲ್ಲಿ. ಸ್ಯಾನ್ ಮಾರ್ಕೊ ಚೌಕದ ಮೆಟ್ಟಿಲ ಮೇಲೆ ಕೂತು ತಿಂದರೆ ದಂಡ ಹಾಕ್ತಾರೆ. ಪಾರಿವಾಳಕ್ಕೆ ಕಾಳು ಹಾಕಿದರೂ ದಂಡ.

ಸಸ್ಯಾಹಾರಿಗಳ ಪಾಡು

ವೆನಿಸ್ ಮೀನಿನ ಊರು. ನಾನು ಮೊದಲ ರಾತ್ರಿ ಬಿಗೊಲಿ ಇನ್ ಸಾಲ್ಸಾ ಅಂತ ತರಿಸಿದೆ. ಸಾಲ್ಸಾ ಅಂದ್ರೆ ಟೊಮೇಟೊ ಗೊಜ್ಜು ಅಂದುಕೊಂಡೆ. ಅದು ಈರುಳ್ಳಿ ಜೊತೆ ಕರಗಿಸಿದ ಆಂಚೊವಿ ಮೀನು. ನೋಡೋಕೆ ಬರೀ ಈರುಳ್ಳಿ. ಮೂಗು ಕಾಪಾಡಿತು.

"ಸೆಂಟ್ಸಾ ಕಾರ್ನೆ, ಸೆಂಟ್ಸಾ ಪೆಶ್ಶೆ" ಅಂತ ಕಲಿತುಕೊಳ್ಳಿ. ಮಾಂಸ ಬೇಡ, ಮೀನು ಬೇಡ. ಎರಡನ್ನೂ ಹೇಳಬೇಕು. ವೆಜಿಟೇರಿಯನ್ ಅಂದರೂ ಸಾರಿಗೆ ಹಂದಿಮಾಂಸದ ಚೂರು ಬಿದ್ದಿರಬಹುದು. ಪಿಜ್ಜಾ ಮರಿನಾರಾ ನಂಬಬಹುದು, ಟೊಮೇಟೊ, ಬೆಳ್ಳುಳ್ಳಿ, ಓರೆಗಾನೊ ಅಷ್ಟೇ, ಚೀಸ್ ಕೂಡ ಇಲ್ಲ. ಕಟ್ಟುನಿಟ್ಟಿನವರಿಗೆ ಇನ್ನೊಂದು ಮಾತು: ಪಾರ್ಮೆಸಾನ್ ಚೀಸಿಗೆ ಹಾಲು ಗಟ್ಟಿಯಾಗಲಿ ಅಂತ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕ್ತಾರೆ. ತಿರಾಮಿಸುನಲ್ಲಿ ಮೊಟ್ಟೆ ಇರುತ್ತೆ.

ಸಂಜೆ ಬಾಕರೊ ಅನ್ನುವ ಪುಟ್ಟ ಅಂಗಡಿಗಳಿಗೆ ಹೋಗಿ. ನಮ್ಮ ದರ್ಶಿನಿ ಥರ ನಿಂತೇ ತಿನ್ನೋದು. ಚಿಕೆತ್ತಿ ಅಂತ ಸಣ್ಣ ಸಣ್ಣ ತಿಂಡಿ ಗಾಜಿನೊಳಗೆ ಕಾಣುತ್ತವೆ, ಬೆರಳು ತೋರಿಸಿದರೆ ಆಯ್ತು. ಕುಂಬಳಕಾಯಿ ಹಚ್ಚಿದ್ದು, ಚೀಸ್ ಮೇಲೆ ಅಕ್ರೋಟು ಇಟ್ಟದ್ದು ನನಗೆ ಸಿಕ್ಕಿತು. ಕಾಫಿಯನ್ನೂ ನಿಂತೇ ಕುಡಿಯಿರಿ. ಕೂತರೆ ಬೆಲೆ ಬೇರೆ, ಚೌಕದಲ್ಲಿ ಸಂಗೀತ ಇದ್ದರೆ ಅದಕ್ಕೂ ಬಿಲ್. ರಾತ್ರಿ ಆ ಸಂಗೀತವನ್ನು ಹತ್ತು ಅಡಿ ದೂರ ನಿಂತು ಕೇಳಿದರೆ ಪುಕ್ಕಟೆ. ನೀರಿನ ಬಾಟಲಿ ಒಯ್ಯಿರಿ, ಬೀದಿ ನಲ್ಲಿಯ ನೀರು ಕುಡಿಯಬಹುದು. ಮತ್ತೆ, ಇಟಲಿಯ ಬಚ್ಚಲಲ್ಲಿ ತೊಳೆದುಕೊಳ್ಳೋಕೆ ಬಿಡೆ ಅನ್ನುವ ತಗ್ಗಿನ ಬೇಸಿನ್ ಇರುತ್ತೆ. ಮಗ್ ಒಯ್ದದ್ದು ದಂಡ.

ದ್ರಾಕ್ಷಿ ಗುಡ್ಡಕ್ಕೆ

ವೆನಿಸ್‌ನ ಸಾಂತಾ ಲೂಚಿಯಾ ನಿಲ್ದಾಣದಲ್ಲಿ ರೈಲು ಹತ್ತಬೇಕು. ಬೋರ್ಡಿನಲ್ಲಿ ಕೊನೆಲ್ಯಾನೊ ಅಂತ ಹುಡುಕಬೇಡಿ. ಉದಿನೆ ಕಡೆಗೆ ಹೋಗುವ ರೈಲು, ಕೊನೇ ಊರಿನ ಹೆಸರು ಮಾತ್ರ ದೊಡ್ಡದಾಗಿ ಬರುತ್ತೆ. ಅದು ರೆಜಿಯೊನಾಲೆ, ಅಂದ್ರೆ ಲೋಕಲ್ ರೈಲು, ರಿಸರ್ವೇಶನ್ ಬೇಕಿಲ್ಲ. ಕಾಗದದ ಟಿಕೆಟ್ ಆದರೆ ಹತ್ತೋ ಮೊದಲು ಪ್ಲಾಟ್‌ಫಾರ್ಮಿನ ಮಷೀನಿನಲ್ಲಿ ಠಸ್ಸೆ ಒತ್ತಿಸಿ. ಮರೆತರೆ ದಂಡ.

ಕೊನೆಲ್ಯಾನೊದಲ್ಲಿ ನೋಡೋಕೆ ಒಂದು ಸಂಜೆ ಸಾಕು. ಕಮಾನಿನ ಹಳೇ ಬೀದಿ, ಗುಡ್ಡದ ಮೇಲೆ ಕೋಟೆ, ಚರ್ಚಿನೊಳಗೆ ಇದೇ ಊರಿನ ಚೀಮಾ ಅನ್ನುವ ಕಲಾವಿದ ಬರೆದ ದೊಡ್ಡ ಚಿತ್ರ. ಇಟಲಿಯ ಮೊದಲ ವೈನ್ ಶಾಲೆ 1876ರಲ್ಲಿ ಶುರುವಾದದ್ದೂ ಇಲ್ಲೇ.

ಅಸಲಿ ವಿಷಯ ಇರೋದು ಇಲ್ಲಿಂದ ಪಶ್ಚಿಮಕ್ಕೆ ವಾಲ್ದೊಬ್ಬಿಯಾದೆನೆವರೆಗಿನ ಗುಡ್ಡಗಳಲ್ಲಿ. 2019ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಕಾರು ಬಾಡಿಗೆಗೆ ತಗೊಳ್ಳಬೇಡಿ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು, ಬಲಗಡೆ ಓಡಿಸಬೇಕು, ಸುತ್ತು ದಾರಿ. ಮೇಲೆ, ಓಡಿಸುವವರು ಕುಡಿಯೋ ಹಾಗಿಲ್ಲ. ಮತ್ಯಾಕೆ ಹೋಗೋದು? ಹೋಟೆಲಿನವರಿಗೆ ಹೇಳಿ ಡ್ರೈವರ್ ಇರುವ ಕಾರು ಅರ್ಧ ದಿನಕ್ಕೆ ಮಾಡಿಸಿ. ಕಾಯುವ ಹೊತ್ತೂ ಸೇರಿ ಎಷ್ಟು ಅಂತ ಮೊದಲೇ ಕೇಳಿ. ನಮ್ಮ ಇಡೀ ಪ್ರವಾಸದಲ್ಲಿ ಕೈ ಬಿಚ್ಚಿ ಖರ್ಚು ಮಾಡಿದ್ದು ಅದೊಂದಕ್ಕೇ. ಮಾರನೇ ದಿನ ಬಸ್ಸಿನಲ್ಲಿ ಹೋದೆವು. ಭಾನುವಾರ ಮಾತ್ರ ಬಸ್ ನಂಬಬೇಡಿ.

ತೋಟಗಳಿಗೆ ಸುಮ್ನೆ ಹೋಗಿ ಬಾಗಿಲು ತಟ್ಟೋ ಹಾಗಿಲ್ಲ. ಎರಡು ವಾರ ಮೊದಲೇ ಈಮೇಲ್ ಮಾಡಿ ಹೊತ್ತು ಗೊತ್ತು ಮಾಡಿಕೊಳ್ಳಿ. ಕೊಯ್ಲಿನ ಕಾಲದಲ್ಲಿ ಅವರಿಗೂ ಪುರುಸೊತ್ತಿರಲ್ಲ. ದಿನಕ್ಕೆ ಎರಡು ತೋಟ ಸಾಕು. ಮೂರನೆಯದಕ್ಕೆ ನಾಲಿಗೆಗೆ ಏನೂ ಗೊತ್ತಾಗಲ್ಲ. ನನ್ನ ಹಾಗೆ ಹೊಸಬರಾದರೆ ಹೊರಡುವ ಮೊದಲು ದೊಡ್ಡಬಳ್ಳಾಪುರದ ಗ್ರೋವರ್ ತೋಟಕ್ಕೆ ಹೋಗಿ ಒಂದು ರೌಂಡ್ ರುಚಿ ನೋಡಿಕೊಂಡು ಬನ್ನಿ. ಮೂಸೋದು, ಗುಟುಕು ಬಾಯಲ್ಲಿ ತಿರುಗಿಸೋದು, ಬೇಡವಾದರೆ ಉಗುಳೋದು, ಇದಕ್ಕೆಲ್ಲ ನಾಚಿಕೆ ಹೋಗುತ್ತೆ. ಗ್ಲಾಸ್ ಖಾಲಿ ಮಾಡಬೇಕು ಅಂತೇನಿಲ್ಲ. ಉಳಿದದ್ದು ಸುರಿಯೋಕೆ ಪಾತ್ರೆ ಇಟ್ಟಿರುತ್ತಾರೆ.

ಇಲ್ಲಿನ ದ್ರಾಕ್ಷಿ ಹೆಸರು ಗ್ಲೆರಾ. ಬಿಳಿ ಜಾತಿ. ರಸ ಒಂದು ಸಲ ಹುದುಗಿದ ಮೇಲೆ, ಮುಚ್ಚಿದ ಸ್ಟೀಲ್ ಟ್ಯಾಂಕಿನಲ್ಲಿ ಎರಡನೇ ಸಲ ಹುದುಗಿಸುತ್ತಾರೆ. ಗಾಳಿ ಹೊರಗೆ ಹೋಗದೆ ವೈನಿನೊಳಗೇ ಸೇರಿ ನೊರೆ ಆಗುತ್ತೆ. ಬೇಸಿಗೆಯಲ್ಲಿ ದೋಸೆ ಹಿಟ್ಟಿನ ಡಬ್ಬಿಗೆ ಬಿಗಿಯಾಗಿ ಮುಚ್ಚಳ ಹಾಕಿ ಮರೆತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಾಟಲಿ ಮೇಲಿನ ಮಾತು ಮಾತ್ರ ಮೋಸ. ವೈನಿನಲ್ಲಿ ಡ್ರೈ ಅಂದ್ರೆ ಸಿಹಿ ಇಲ್ಲದ್ದು ಅನ್ನೋದು ವಾಡಿಕೆ, ಇಲ್ಲಿ ಹಾಗಲ್ಲ. ಬ್ರೂಟ್ ಅಂದ್ರೆ ಸಿಹಿ ಕಡಿಮೆ, ಲೀಟರಿಗೆ 12 ಗ್ರಾಂ ಒಳಗೆ ಸಕ್ಕರೆ. ಎಕ್ಸ್‌ಟ್ರಾ ಡ್ರೈ ಅದಕ್ಕಿಂತ ಸಿಹಿ, 12ರಿಂದ 17. ಡ್ರೈ ಇನ್ನೂ ಸಿಹಿ, 17ರಿಂದ 32. ನಾನು ಡ್ರೈ ಇಷ್ಟಪಟ್ಟೆ, ಇವರು ಬ್ರೂಟ್. ತಳದಲ್ಲಿ ಗಸಿ ಇರುವ ಕೊಲ್ ಫೊಂದೊ ಅಂತ ಒಂದಿದೆ, ಮಬ್ಬಾಗಿರುತ್ತೆ, ಸ್ವಲ್ಪ ಹುಳಿ. ಸಿಕ್ಕಿದರೆ ಬಿಡಬೇಡಿ. ಎಲ್ಲಕ್ಕಿಂತ ದುಬಾರಿ ಕಾರ್ತಿಟ್ಸೆ, ಸುಮಾರು 107 ಹೆಕ್ಟೇರಿನ ಒಂದೇ ಗುಡ್ಡದ ಸೀಮೆಯದ್ದು. ಒಂದು ಗ್ಲಾಸ್ ಕುಡಿದು ನೋಡಿ, ಬಾಟಲಿ ಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ. ಇವರದ್ದು ಬೇರೆ.

ಆ ಕಾರ್ತಿಟ್ಸೆ ಕಡೆಯ ಗುಡ್ಡದ ಮೇಲೆ ಒಸ್ತೆರಿಯಾ ಸೆಂಟ್ಸೊಸ್ತೆ ಇದೆ. ಯಜಮಾನ ಇಲ್ಲದ ಹೋಟೆಲು ಅಂತ ಅರ್ಥ. ಚೀಸು, ಬ್ರೆಡ್ಡು ಇಟ್ಟಿರುತ್ತೆ. ತಗೊಂಡು ದುಡ್ಡು ಕಟ್ಟಿ, ಗುಡ್ಡ ನೋಡುತ್ತಾ ಕೂರಬಹುದು.

ನಾನು ಕೂತೆ. ಇವರು ಕೂರಲಿಲ್ಲ. ಇಳಿಜಾರಿನ ಬಳ್ಳಿ ಸಾಲಿನ ಹತ್ತಿರ ಹೋಗಿ ನಿಂತರು. ನಮ್ಮ ಕಡೆ ಕಲ್ಲುಕಂಬ ನೆಟ್ಟು ತಂತಿ ಎಳೆದು ಚಪ್ಪರ ಹಾಕ್ತೀವಿ, ಕೆಳಗೆ ನೆರಳು. ಇಲ್ಲಿ ಬೇಲಿ ಥರ ಸಾಲು, ನಡುವೆ ಹುಲ್ಲಿನ ಅಂಚು. ಟ್ರ್ಯಾಕ್ಟರ್ ಹತ್ತದಷ್ಟು ಕಡಿದು, ಕೊಯ್ಯುವವರು ಕ್ರೇಟ್ ಹಿಡಿದು ನಡೆದೇ ಇಳಿಯುತ್ತಿದ್ದರು. ನಮ್ಮಲ್ಲಿ ವರ್ಷಕ್ಕೆ ಎರಡು ಬೆಳೆ, ಅಲ್ಲಿ ಒಂದೇ. ಎಲೆ ಮೇಲೆ ನೀಲಿ ಕಲೆ ನೋಡಿ ಇವರು "ಮೈಲುತುತ್ತ!" ಅಂತ ಕೂಗಿದರು. ಮಾವನವರು ಸುಣ್ಣದ ಜೊತೆ ಕಲಸಿ ಹೊಡೆಯುತ್ತಿದ್ದದ್ದು ಅದನ್ನೇ. ಕೊಯ್ಯುತ್ತಿದ್ದ ಮುದುಕರೊಬ್ಬರು ತಿರುಗಿ ನೋಡಿದರು. ಇವರಿಗೆ ಇಟಾಲಿಯನ್ ಬರಲ್ಲ, ಅವರಿಗೆ ಇಂಗ್ಲಿಷ್ ಬರಲ್ಲ. ಕಾಲು ಗಂಟೆ ಎಲೆ ಮಗುಚಿ ತೋರಿಸುತ್ತಾ ಇಬ್ಬರೂ ಮಾತಾಡಿದರು.

ಇಂಥದಕ್ಕೆ ಪ್ಲಾನಿನಲ್ಲಿ ಜಾಗ ಬಿಡಿ. ಮಧ್ಯಾಹ್ನ ಮೂರರ ಮೇಲೆ ಏನೂ ಬುಕ್ ಮಾಡಬೇಡಿ.

ಬಾಟಲಿ ಮನೆಗೆ

ಒಬ್ಬರಿಗೆ ಎರಡು ಲೀಟರ್ ತನಕ ಸುಂಕ ಇಲ್ಲ. ಅಂದ್ರೆ ಮುಕ್ಕಾಲು ಲೀಟರಿನ ಎರಡು ಬಾಟಲಿ. ಚೆಕ್‌ಇನ್ ಬ್ಯಾಗಿನಲ್ಲೇ ಹಾಕಬೇಕು, ಕೈಚೀಲದಲ್ಲಿ ಬಿಡಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಬಟ್ಟೆ ಸುತ್ತಿ, ಬ್ಯಾಗಿನ ನಡುವೆ ಇಡಿ. ನನ್ನ ಕಾಟನ್ ಸೀರೆಗಳು ಕೊನೆಗೂ ಉಪಯೋಗಕ್ಕೆ ಬಂದವು.

ಇದು ಇಟ್ಟಷ್ಟೂ ರುಚಿ ಏರುವ ವೈನ್ ಅಲ್ಲ. ವರ್ಷದೊಳಗೆ ಮುಗಿಸಿ. ಫ್ರಿಜ್‌ನಲ್ಲಿ ಮೂರು ಗಂಟೆ ಇಟ್ಟು, ಬಿರಡೆಯನ್ನು ಬಿಗಿಯಾಗಿ ಹಿಡಿದು ಬಾಟಲಿಯನ್ನು ತಿರುಗಿಸಿ. ಬಿರಡೆ ತಿರುಗಿಸಿದರೆ ಸೀಲಿಂಗಿಗೆ ಹಾರುತ್ತೆ. ಬ್ರೂಟ್ ಜೊತೆ ಕೋಡುಬಳೆ ಚೆನ್ನಾಗಿರುತ್ತೆ.

ದಸರೆ ಕಳೆದ ಮೇಲೆ ಒಂದು ಭಾನುವಾರ ಮೊದಲನೇದು ತೆಗೆದೆವು. ಅತ್ತೆ ತಮ್ಮ ರೂಮಿನಲ್ಲಿ ಮಲಗಿದ್ದಾರೆ ಅಂದುಕೊಂಡಿದ್ದೆವು. ಠಪ್ ಅಂತ ಸದ್ದಾದ ಕೂಡಲೇ ಬಾಗಿಲಲ್ಲಿ ಬಂದು ನಿಂತರು. ಬಾಟಲಿ ನೋಡಿದರು, ಇವರ ಮುಖ ನೋಡಿದರು.

"ಅಲ್ಲಿ ತೋಟದ ಬೆಲೆ ಕೆ.ಜಿ.ಗೆ ಎಷ್ಟಂತೋ?" ಅಂದರು.